ಚದರಡಿ ದರ ಕೇಳುವ ಮುನ್ನ: ಉಕ್ಕಿನ ಗೋದಾಮು ಕಟ್ಟಿ ಕಲಿತ ಪಾಠಗಳು

ಗೋದಾಮು ಕಟ್ಟಿಸಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: ‘ಸಾರ್, ಸ್ಕ್ವೇರ್ ಫೀಟಿಗೆ ಎಷ್ಟಾಗುತ್ತೆ?’ ಮನೆ ಕಟ್ಟಿಸಿದ ಅಭ್ಯಾಸದಿಂದ ಬಂದ ಪ್ರಶ್ನೆ ಇದು. ಮನೆಗೆ ಅದು ಅಷ್ಟೋ ಇಷ್ಟೋ ನಡೆಯುತ್ತದೆ. ಲಕ್ಷ ಚದರಡಿಯ ಉಕ್ಕಿನ ಗೋದಾಮಿಗೆ ನಡೆಯುವುದಿಲ್ಲ. ನನ್ನ ಆಫೀಸು ಇರುವುದು ಹುಳಿಮಾವಿನಲ್ಲಿ. ಕೆಲಸವೆಲ್ಲ ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆ, ಹಾರೋಹಳ್ಳಿ ಕಡೆ, ಆಗೊಮ್ಮೆ ಈಗೊಮ್ಮೆ ನೆಲಮಂಗಲ, ಹೊಸಕೋಟೆ. ಇಷ್ಟು ವರ್ಷಗಳಲ್ಲಿ ಕಂಡದ್ದೇನೆಂದರೆ, ಉಕ್ಕು ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದರ ಮೇಲೇ ಚೌಕಾಸಿ ಮಾಡುತ್ತಾರೆ. ಬಜೆಟ್ ಕೈತಪ್ಪುವುದು ಮಾತ್ರ ಮಣ್ಣಿನಲ್ಲಿ, ನೀರಿನಲ್ಲಿ, ನೆಲದಲ್ಲಿ, ತೆರಿಗೆಯಲ್ಲಿ.

ಮುಂದಿನ ಲೆಕ್ಕಗಳೆಲ್ಲ ಒಂದು ಲಕ್ಷ ಚದರಡಿಯ, ಅಂದರೆ ಸುಮಾರು 9,290 ಚದರ ಮೀಟರಿನ ಒಂದೇ ಗೋದಾಮಿನವು.

1. ಮೊದಲು ಲಾರಿಗೆ ಜಾಗ ಹುಡುಕಿ

ಲಕ್ಷ ಚದರಡಿ ಎಂದರೆ 2.3 ಎಕರೆ. ಅಷ್ಟೇ ಕೊಂಡರೆ ಕಟ್ಟಡ ನಿಲ್ಲುತ್ತದೆ, ವ್ಯವಹಾರ ನಿಲ್ಲುವುದಿಲ್ಲ. 40 ಅಡಿ ಕಂಟೇನರ್ ಹೊತ್ತ ಟ್ರೇಲರ್ ಒಳಗೆ ಬಂದು, ತಿರುಗಿ, ಹಿಂದಕ್ಕೆ ಸರಿದು ಡಾಕ್‌ಗೆ ತಾಗಬೇಕು. ಸುತ್ತ ಅಗ್ನಿಶಾಮಕ ವಾಹನ ಓಡಾಡಬೇಕು. ನಾಲ್ಕೂವರೆ ಐದು ಎಕರೆ ಇಲ್ಲದೆ ಇದು ಸಾಧ್ಯವಿಲ್ಲ. ಹುಳಿಮಾವು, ಅರಕೆರೆ, ಗೊಟ್ಟಿಗೆರೆಯಲ್ಲಿ ಅಷ್ಟು ಜಾಗ ಒಟ್ಟಿಗೆ ಸಿಕ್ಕರೂ ಅಲ್ಲಿ ಏಳುವುದು ಅಪಾರ್ಟ್‌ಮೆಂಟು. ಬನ್ನೇರುಘಟ್ಟ ರಸ್ತೆಯ ಮೇಲೆ ಮೆಟ್ರೋ ಕಂಬಗಳು ಎದ್ದ ಮೇಲಂತೂ ಭೂಮಿಯ ಬೆಲೆ ಗೋದಾಮಿನ ಬಾಡಿಗೆಗೆ ನಿಲುಕುವುದಿಲ್ಲ. ಹಾಗಾಗಿ ಎಲ್ಲರೂ ಆನೇಕಲ್, ಹಾರೋಹಳ್ಳಿ ದಾರಿ ಹಿಡಿಯುತ್ತಾರೆ.

ಅಲ್ಲಿ ಎರಡು ಬಗೆಯ ಜಾಗ ಸಿಗುತ್ತದೆ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನವಾದರೆ ಭೂಪರಿವರ್ತನೆಯ ತಲೆನೋವಿಲ್ಲ, ಆದರೆ ನಿಗದಿತ ಅವಧಿಯಲ್ಲಿ ಕಟ್ಟಿ ಮುಗಿಸಬೇಕು ಎಂಬ ಷರತ್ತು ಇರುತ್ತದೆ. ರೈತರಿಂದ ಕೊಳ್ಳುವ ಜಮೀನಿನದು ಬೇರೆ ಕಥೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ನಿಜ. ಕೊಂಡ ಮಾತ್ರಕ್ಕೆ ಗೋದಾಮು ಕಟ್ಟಲು ಬರುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಪರಿವರ್ತನೆ ಆಗಲೇಬೇಕು. ಅದಕ್ಕೂ ಮುಂಚೆ ನಕಾಶೆ ಬಿಡಿಸಿ ಬಿ ಖರಾಬು, ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಎಲ್ಲಿ ಹಾದುಹೋಗಿದೆ ನೋಡಿ. ಐದು ಎಕರೆಯ ಮಧ್ಯೆ ಒಂದು ಹಳೆಯ ಬಂಡಿದಾರಿ ಇದ್ದರೆ ಸಾಕು, ಕಟ್ಟಡದ ಅಗಲವೇ ಬದಲಾಗುತ್ತದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ 2020ರಲ್ಲಿ ಹೊರಬಿದ್ದಿದೆ. ಜಿಗಣಿಯಿಂದ ಹಾರೋಹಳ್ಳಿವರೆಗೆ ಎಲ್ಲಿ ಕೊಂಡರೂ ನಿಮ್ಮ ಸರ್ವೆ ನಂಬರು ಅದರೊಳಗೆ ಬರುತ್ತದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ.

2. ಉಕ್ಕಿಗಿಂತ ಮುಂಚೆ ಮಣ್ಣು ಬಿಲ್ ಮಾಡುತ್ತದೆ

ಲಾರಿಯ ಹಾಸು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಗೋದಾಮಿನ ನೆಲವೂ ಅಷ್ಟೇ ಎತ್ತರದಲ್ಲಿರಬೇಕು, ಇಲ್ಲವಾದರೆ ಫೋರ್ಕ್‌ಲಿಫ್ಟ್ ಲಾರಿಯೊಳಗೆ ಹೋಗುವುದಿಲ್ಲ. ಈ ಒಂದು ಸಾಲು ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ. 9,290 ಚದರ ಮೀಟರನ್ನು 1.2 ಮೀಟರ್ ಎತ್ತರಿಸಲು 11,148 ಘನ ಮೀಟರ್ ಮಣ್ಣು ಬೇಕು, ಅದೂ ರೋಲರ್ ಹೊಡೆದು ಗಟ್ಟಿಯಾದ ಮೇಲಿನ ಅಳತೆ. ಲಾರಿಯಲ್ಲಿ ಬರುವುದು ಸಡಿಲ ಮಣ್ಣು. ಕಾಲು ಭಾಗ ಹೆಚ್ಚು ಎಂದಿಟ್ಟುಕೊಂಡರೂ 14,000 ಘನ ಮೀಟರಿನ ಹತ್ತಿರ. ಹತ್ತು ಘನ ಮೀಟರಿನ ಟಿಪ್ಪರ್ ಆದರೆ 1,400 ಲೋಡು. ಜಾಗ ಇಳಿಜಾರಾಗಿದ್ದರೆ ತಗ್ಗಿನ ಮೂಲೆಯಲ್ಲಿ ಇನ್ನೂ ಹೆಚ್ಚು.

ಚದರಡಿ ದರ ಹೇಳುವ ಯಾವ ಕಂಪನಿಯೂ ಇದನ್ನು ತನ್ನ ಕೊಟೇಷನ್‌ನಲ್ಲಿ ಸೇರಿಸುವುದಿಲ್ಲ. ‘ಸಿವಿಲ್ ಕೆಲಸ ಮಾಲೀಕರದ್ದು’ ಎಂದು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಮಣ್ಣಿನ ಪರೀಕ್ಷೆಗೆ ದುಡ್ಡು ಉಳಿಸುವವರನ್ನು ಕಂಡರೆ ನನಗೆ ಬೇಸರ. ಆನೇಕಲ್ ಕಡೆ ಮೇಲೆ ಚಂದದ ಕೆಂಪು ಮಣ್ಣು, ಎರಡು ಅಡಿ ಕೆಳಗೆ ಬಂಡೆ. ಜಿಗಣಿಯಲ್ಲಿ ಗ್ರಾನೈಟ್ ಉದ್ಯಮ ಬೆಳೆದದ್ದು ಸುಮ್ಮನೆ ಅಲ್ಲ. ಒಬ್ಬರು ಬೋರ್ ಹಾಕಿಸದೆ ನೇರ ಗುಂಡಿ ತೋಡಿಸಿದರು. ಅರ್ಧದಷ್ಟು ಗುಂಡಿಗಳಲ್ಲಿ ಬಂಡೆ ಸಿಕ್ಕಿ, ಬ್ರೇಕರ್ ಯಂತ್ರ ಗಂಟೆ ಲೆಕ್ಕದಲ್ಲಿ ವಾರಗಟ್ಟಲೆ ಓಡಿತು. ಇದಕ್ಕೆ ತದ್ವಿರುದ್ಧ ಅಪಾಯ ಎಂದರೆ ಮುಚ್ಚಿದ ಕುಂಟೆ. ಮೇಲ್ನೋಟಕ್ಕೆ ಸಮತಟ್ಟು, ಒಳಗೆ ಮೆತ್ತನೆಯ ಗೋಡು. ಊರಿನ ವಯಸ್ಸಾದವರನ್ನು ‘ಅಜ್ಜಾ, ಮೊದಲು ಇಲ್ಲೇನಿತ್ತು?’ ಎಂದು ಕೇಳಿದರೆ ಉಚಿತವಾಗಿ ಹೇಳುತ್ತಾರೆ. ಇದೇ ನಕ್ಷೆಯನ್ನು ಹುಬ್ಬಳ್ಳಿ ಕಡೆಯ ಎರೆಮಣ್ಣಿಗೆ ಒಯ್ದರೆ ಅಡಿಪಾಯದ ಖರ್ಚು ಬೇರೆಯೇ ಆಗುತ್ತದೆ, ಮೇಲಿನ ಉಕ್ಕು ಒಂದು ಕಿಲೋ ಕೂಡ ಬದಲಾಗದಿದ್ದರೂ.

3. ಸೂರಿನ ನೀರು ಎಲ್ಲಿಗೆ ಹೋಗುತ್ತದೆ?

2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಅಂದಿನಿಂದ ಈ ಕಡೆಯವರಿಗೆ ನೀರಿನ ದಾರಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಗೋದಾಮಿನ ಮಾಲೀಕರಿಗೆ ಮಾತ್ರ ಇನ್ನೂ ಹೇಳಬೇಕು.

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಬಿತ್ತು. ನಮ್ಮ ಲಕ್ಷ ಚದರಡಿ ಸೂರಿನ ಮೇಲೆ ಅಂಥ ಮಳೆ ಬಿದ್ದರೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. 12,000 ಲೀಟರಿನ ಟ್ಯಾಂಕರ್‌ಗಳಲ್ಲಿ ತುಂಬಿದರೆ 85 ದಾಟುತ್ತದೆ. ಅದನ್ನು ಪಕ್ಕದವರ ಹೊಲಕ್ಕೆ ಬಿಟ್ಟರೆ ಮೊದಲ ಮಳೆಗೇ ಜಗಳ, ಎರಡನೆಯದಕ್ಕೆ ಕೋರ್ಟು. ಚರಂಡಿ, ಇಂಗುಗುಂಡಿ, ಸಂಗ್ರಹ ತೊಟ್ಟಿಗೆ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಇರಲಿ. ಪಕ್ಕದಲ್ಲಿ ಕೆರೆ ಅಥವಾ ರಾಜಕಾಲುವೆ ಇದ್ದರೆ ಬಿಡಬೇಕಾದ ಅಂತರವನ್ನು ಆ ಪ್ರದೇಶದ ಮಾಸ್ಟರ್ ಪ್ಲಾನ್‌ನಲ್ಲೇ ನೋಡಿ. ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದ 75 ಮೀಟರನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಈ ಸುದ್ದಿಯನ್ನು ಅರ್ಧ ಕೇಳಿಕೊಂಡು ‘ಈಗ ಬಫರ್ರೇ ಇಲ್ಲ’ ಎನ್ನುವ ಬ್ರೋಕರ್‌ಗಳು ಇದ್ದಾರೆ. ಮಾಸ್ಟರ್ ಪ್ಲಾನಿನ ಅಂತರ ಹಾಗೇ ಉಳಿಯಿತು.

4. ಬೇರೆ ಊರಿನ ನಕ್ಷೆ ತರಬೇಡಿ

‘ಚೆನ್ನೈನಲ್ಲಿ ನಮ್ಮದೇ ಒಂದು ಗೋಡೌನ್ ಇದೆ, ಅದೇ ಡ್ರಾಯಿಂಗ್ ಹಾಕಿಬಿಡಿ’ ಎನ್ನುವ ಮಾತು ಕೇಳಿದಾಗೆಲ್ಲ ಐಎಸ್ 875ರ ಮೂರನೇ ಭಾಗ ತೆಗೆದು ತೋರಿಸುತ್ತೇನೆ. ವಿನ್ಯಾಸಕ್ಕೆ ಹಿಡಿಯಬೇಕಾದ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಚೆನ್ನೈನ ಒತ್ತಡ ಬೆಂಗಳೂರಿನ ಎರಡು ಪಟ್ಟನ್ನೂ ಮೀರುತ್ತದೆ. ಚೆನ್ನೈ ನಕ್ಷೆ ಇಲ್ಲಿ ಹಾಕಿದರೆ ಉಕ್ಕು ದಂಡ. ಬೆಂಗಳೂರಿನ ನಕ್ಷೆ ಅಲ್ಲಿಗೆ ಒಯ್ದರೆ ಕಟ್ಟಡವೇ ದಂಡ.

ಇನ್ನೊಂದು ಸೂಕ್ಷ್ಮ ಇದೆ, ಕೊಟೇಷನ್ ಹೋಲಿಸುವಾಗ ಬಹಳ ಜನ ಎಡವುವುದು ಇಲ್ಲೇ. ತಗಡಿನ ಸೂರಿನ ಮೇಲಿನ ಚಲಭಾರವನ್ನು ನಮ್ಮ ಐಎಸ್ ಸಂಹಿತೆ, ಇಳಿಜಾರು ಕಡಿಮೆ ಇರುವ ಸೂರಿಗೆ, ಚದರ ಮೀಟರಿಗೆ 0.75 ಕಿಲೋನ್ಯೂಟನ್ ಎನ್ನುತ್ತದೆ. ಅಮೆರಿಕದ ಸಂಹಿತೆಯ ಲೆಕ್ಕದಲ್ಲಿ ಕಂಪನಿಗಳು ಹಿಡಿಯುವುದು 0.57. ಎರಡನೆಯದರಲ್ಲಿ ಕಟ್ಟಡ ಹಗುರವಾಗುತ್ತದೆ, ದರ ಇಳಿಯುತ್ತದೆ, ಕೊಟೇಷನ್ ಗೆಲ್ಲುತ್ತದೆ. ಯಾವ ಸಂಹಿತೆ, ಯಾವ ಭಾರ, ಮುಂದೆ ಸೋಲಾರ್ ಫಲಕ ಕೂರಿಸಿದರೆ ತಡೆಯುತ್ತದೆಯೇ, ಈ ಮೂರನ್ನೂ ಬರೆಸಿಕೊಳ್ಳದೆ ದರ ಹೋಲಿಸುವುದು ವ್ಯರ್ಥ.

5. ಕಿಲೋ ಲೆಕ್ಕವೋ, ಒಟ್ಟು ಮೊತ್ತವೋ

ಚದರ ಮೀಟರಿಗೆ 35 ಕಿಲೋ ಉಕ್ಕು ಎಂದಿಟ್ಟುಕೊಳ್ಳಿ. ನಮ್ಮ ಗೋದಾಮಿಗೆ 325 ಟನ್. ಕಿಲೋಗೆ 110 ರೂಪಾಯಿ ಎಂದು ಹಿಡಿದರೆ ಮೂರೂವರೆ ಕೋಟಿ ದಾಟುತ್ತದೆ, ಚದರಡಿಗೆ ಬೀಳುವುದು 358 ರೂಪಾಯಿ. ‘ನಮ್ಮ ಭಾವನವರು ಮುನ್ನೂರೈವತ್ತಕ್ಕೆ ಕಟ್ಟಿಸಿದರು’ ಎಂಬ ಮಾತು ಹುಟ್ಟುವುದು ಹೀಗೆ. ಭಾವನವರು ಹೇಳಿದ್ದು ಬರೀ ಅಸ್ಥಿಪಂಜರದ ದರ.

ಕಿಲೋ ಲೆಕ್ಕದ ಒಪ್ಪಂದದಲ್ಲಿ ತೂಕ ಹೆಚ್ಚಿದಷ್ಟೂ ಗುತ್ತಿಗೆದಾರನಿಗೆ ಲಾಭ. ಒಟ್ಟು ಮೊತ್ತದ ಒಪ್ಪಂದದಲ್ಲಿ ತೂಕ ಇಳಿಸಿದಷ್ಟೂ ಲಾಭ. ನನ್ನ ಆಯ್ಕೆ ಎರಡನೆಯದು, ಆದರೆ ಒಂದು ಷರತ್ತಿನ ಮೇಲೆ: ವಿನ್ಯಾಸವನ್ನು ಹೊರಗಿನ ಸ್ಟ್ರಕ್ಚರಲ್ ಎಂಜಿನಿಯರ್ ಪರಿಶೀಲಿಸಿ ಸಹಿ ಹಾಕಬೇಕು, ಪ್ರತಿ ಲೋಡಿನ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಮತ್ತು ವೇಬ್ರಿಡ್ಜ್ ಚೀಟಿ ಬರಬೇಕು. ಅದಕ್ಕೊಪ್ಪದ ಕಂಪನಿಯ ಜೊತೆ ಮಾತು ಮುಂದುವರಿಸಬೇಡಿ.

ಉಕ್ಕಿನ ಪೇಟೆ ನಮ್ಮ ಕೈಯಲ್ಲಿಲ್ಲ. ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲೇ ದೇಶದ ದೊಡ್ಡ ಕಾರ್ಖಾನೆ ಇದೆಯಲ್ಲ, ನಮಗೇಕೆ ಚಿಂತೆ ಎನ್ನಬೇಡಿ. ಅಲ್ಲಿನ ದರ ನಿಲ್ಲುವುದೂ ಲೋಕದ ಪೇಟೆಯ ಮೇಲೇ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಮೇಲೆ ಶೇ. 15ರ ರಫ್ತು ಸುಂಕ ಹಾಕಿದಾಗ ಒಳನಾಡಿನ ಬೆಲೆ ಜಾರಿತು. ನವೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಆಮದಿನ ಮೇಲೆ ಶೇ. 12ರ ತಾತ್ಕಾಲಿಕ ಸುರಕ್ಷಾ ಸುಂಕ ಬಂತು. ಕಿಲೋಗೆ ಹತ್ತು ರೂಪಾಯಿ ಏರಿದರೆ ನಮ್ಮ ಲೆಕ್ಕದಲ್ಲಿ ಮೂವತ್ತೆರಡು ಲಕ್ಷ ಹೆಚ್ಚುವರಿ. ದರ ಏರಿದಾಗ ಯಾರು ಹೊರಬೇಕು ಎಂಬುದನ್ನು ಬರೆಯುವ ಒಪ್ಪಂದಗಳಲ್ಲಿ, ಇಳಿದಾಗ ಯಾರಿಗೆ ಸಲ್ಲಬೇಕು ಎಂಬುದು ಸಾಮಾನ್ಯವಾಗಿ ಇರುವುದೇ ಇಲ್ಲ. ಕೇಳಿ ಬರೆಸಿ.

6. ಶೀಟಿಗೆ ಮೈಕ್ರೋಮೀಟರ್ ಹಿಡಿಯಿರಿ

ಅರ್ಧ ಮಿಲಿಮೀಟರ್ ಶೀಟು ಎಂದರೆ ಬಣ್ಣ, ಲೇಪನ ಸೇರಿಯೋ, ಬರೀ ಉಕ್ಕೋ? ಇದು ಹಳೆಯ ಆಟ. 0.05 ಮಿ.ಮೀ. ಕಡಿಮೆಯಾದರೆ ಬೆರಳಿಗೆ ಗೊತ್ತಾಗುವುದಿಲ್ಲ. ನಮ್ಮ ಸೂರಿನ ಮೇಲೆ ಅದು ಮೂರೂವರೆ ಟನ್ನಿಗೂ ಹೆಚ್ಚು ಉಕ್ಕು. ಲೇಪನದ ತೂಕವನ್ನೂ ಕೇಳಿ. ಚದರ ಮೀಟರಿಗೆ 150 ಗ್ರಾಂ ಗ್ಯಾಲ್ವಲ್ಯೂಮ್ ಇರಬೇಕಾದಲ್ಲಿ ಕಡಿಮೆಯದ್ದು ಬಂದರೆ ತುಕ್ಕು ಕಾಣಿಸಿಕೊಳ್ಳುವುದು ವಾರಂಟಿ ಮುಗಿದ ಮೇಲೆ.

7. ಆ್ಯಂಕರ್ ಬೋಲ್ಟ್

ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು, ಅತಿ ದುಬಾರಿ ತಪ್ಪು. ಕಾಂಕ್ರೀಟ್ ಹಾಕುವ ಮುನ್ನ ಟೆಂಪ್ಲೇಟ್ ಇಟ್ಟು ಸರ್ವೆಯರ್ ಕೈಯಲ್ಲಿ ಅಳತೆ ತೆಗೆಸಿ, ಉಕ್ಕಿನ ಕಂಪನಿಯವರ ಸಹಿಯನ್ನೂ ಪಡೆಯಿರಿ. ಬೋಲ್ಟ್ ಒಂದಿಂಚು ಸರಿದಿದ್ದರೆ ಕ್ರೇನು, ಹೈಡ್ರಾ, ಎರೆಕ್ಷನ್ ಹುಡುಗರು ಎಲ್ಲರೂ ದಿನಗೂಲಿ ತೆಗೆದುಕೊಂಡು ಸುಮ್ಮನೆ ಕೂರುತ್ತಾರೆ; ಸಿವಿಲ್‌ನವರು ಉಕ್ಕಿನವರತ್ತ, ಉಕ್ಕಿನವರು ಸಿವಿಲ್‌ನವರತ್ತ ಬೆರಳು ತೋರಿಸುತ್ತಾರೆ.

8. ನೆಲವೇ ಗೋದಾಮು

ಬಾಡಿಗೆಗೆ ಬರುವ ಕಂಪನಿಯವರು ಸೂರು ನೋಡಿ ತಲೆಯಾಡಿಸುತ್ತಾರೆ, ಬಗ್ಗಿ ನೋಡುವುದು ನೆಲವನ್ನು. ಚದರ ಮೀಟರಿಗೆ ಐದು ಟನ್ ತಡೆಯಬೇಕು, ಎತ್ತರದ ರ‍್ಯಾಕ್‌ಗಳ ನಡುವೆ ಓಡುವ ರೀಚ್ ಟ್ರಕ್ ಅಲುಗಬಾರದು. 200 ಮಿ.ಮೀ. ದಪ್ಪದ ನೆಲಕ್ಕೆ 1,858 ಘನ ಮೀಟರ್ ರೆಡಿಮಿಕ್ಸ್, ಆರು ಘನ ಮೀಟರಿನ ಗಾಡಿಯಲ್ಲಿ 310 ಟ್ರಿಪ್. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಗಾಡಿ ಸಿಕ್ಕಿಹಾಕಿಕೊಂಡರೆ ಎರಡು ಲೋಡಿನ ನಡುವೆ ಬೇಡದ ಸಂದು ಬೀಳುತ್ತದೆ. ಆದ್ದರಿಂದ ನಾವು ರಾತ್ರಿ ಹಾಕುತ್ತೇವೆ. ಸೂರು ಮುಚ್ಚಿದ ಮೇಲೇ ನೆಲ ಹಾಕಿ. ಬಿಸಿಲಿಗೆ ಬಿಟ್ಟ ಕಾಂಕ್ರೀಟ್ ಕ್ಯೂರಿಂಗ್‌ಗೆ ಮುಂಚೆಯೇ ಬಿರುಕು ಬಿಡುತ್ತದೆ.

ಕ್ಯೂರಿಂಗ್ ನೀರನ್ನೂ ಬಜೆಟ್‌ನಲ್ಲಿ ಸೇರಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಸಂಸ್ಕರಿಸಿದ ನೀರು ಎಲ್ಲಿಂದ, ಯಾವ ದರಕ್ಕೆ ಬರುತ್ತದೆ ಎಂದು ಬೇಸಿಗೆಗೆ ಮುಂಚೆ ಗೊತ್ತುಮಾಡಿಕೊಳ್ಳಿ.

9. ಎತ್ತರದಲ್ಲಿ ಜಿಪುಣತನ ಬೇಡ

ಹತ್ತು ಮೀಟರ್ ಬದಲು ಹನ್ನೆರಡು ಮೀಟರ್ ಎತ್ತರ ಕಟ್ಟಿದರೆ ಒಳಗಿನ ಗಾತ್ರ ಐದರಲ್ಲೊಂದು ಪಾಲು ಹೆಚ್ಚುತ್ತದೆ. ಸೂರು ಅಷ್ಟೇ, ನೆಲ ಅಷ್ಟೇ, ಮಣ್ಣು ಅಷ್ಟೇ. ಹೆಚ್ಚುವುದು ಕಂಬ ಮತ್ತು ಗೋಡೆಯ ಶೀಟು. ಚದರಡಿ ಲೆಕ್ಕದವರಿಗೆ ಇದು ನಷ್ಟದಂತೆ ಕಾಣುತ್ತದೆ. ಎಷ್ಟು ಪ್ಯಾಲೆಟ್ ಹಿಡಿಯುತ್ತದೆ ಎಂದು ಎಣಿಸುವವರಿಗೆ ಲಾಭ. ಸರಕು ಎತ್ತರಕ್ಕೆ ಪೇರಿಸಿದಷ್ಟೂ ಸ್ಪ್ರಿಂಕ್ಲರ್, ಪಂಪು, ನೀರಿನ ತೊಟ್ಟಿ ದೊಡ್ಡದಾಗುತ್ತವೆ, ಅದನ್ನೂ ಮೊದಲೇ ಸೇರಿಸಿ. ಕಟ್ಟಿದ ಮೇಲೆ ತೊಟ್ಟಿಗೆ ಜಾಗ ಹುಡುಕುವವರನ್ನು ಎಷ್ಟೋ ಕಡೆ ಕಂಡಿದ್ದೇನೆ.

10. ತೆರಿಗೆ ವಾಪಸ್ ಬರುತ್ತದೆಂದು ನಂಬಿ ಕೂರಬೇಡಿ

ಕಟ್ಟಡದ ಗುತ್ತಿಗೆಗೆ ಶೇ. 18 ಜಿಎಸ್‌ಟಿ. ಹತ್ತು ಕೋಟಿಯ ಕೆಲಸಕ್ಕೆ 1.8 ಕೋಟಿ. ಬಾಡಿಗೆಯ ಮೇಲೆ ಕಟ್ಟುವ ತೆರಿಗೆಯಲ್ಲಿ ಇದನ್ನು ಮುರಿದುಕೊಳ್ಳಬಹುದೆಂದು ಅನೇಕರು ಲೆಕ್ಕ ಹಾಕುತ್ತಾರೆ. ಜಿಎಸ್‌ಟಿ ಕಾಯ್ದೆಯ 17(5) ಸೆಕ್ಷನ್ ಸ್ಥಿರಾಸ್ತಿ ನಿರ್ಮಾಣಕ್ಕೆ ಆ ಬಾಗಿಲು ಮುಚ್ಚಿದೆ. 2024ರ ಅಕ್ಟೋಬರ್ 3ರಂದು ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸಂದು ತೋರಿಸಿದಾಗ ನನಗೆ ಫೋನ್ ಮಾಡಿ ಸಂತೋಷಪಟ್ಟವರಿದ್ದರು. 2025ರ ಹಣಕಾಸು ಕಾಯ್ದೆ 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಆ ಸಂದನ್ನು ಮುಚ್ಚಿತು. ಡಾಕ್ ಲೆವೆಲರ್‌ನಂಥ ಯಂತ್ರಗಳ ಮಾತು ಬೇರೆ. ಅವನ್ನು ಪ್ರತ್ಯೇಕ ಬಿಲ್ ಮಾಡಿಸಿ, ನಿಮ್ಮ ಆಡಿಟರ್‌ಗೆ ಮೊದಲೇ ತೋರಿಸಿ. ಇದರ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ನಿರ್ಮಾಣ ವೆಚ್ಚದ ಶೇ. 1 ಸೆಸ್ ಇದೆ. ಅದನ್ನು ಗೊಣಗದೆ ಕಟ್ಟಿ, ನಲವತ್ತು ಅಡಿ ಮೇಲೆ ನಿಂತು ಬೋಲ್ಟ್ ಬಿಗಿಯುವ ಹುಡುಗರಿಗೆ ಸೇರಬೇಕಾದ ಹಣ ಅದು.

11. ಸಣ್ಣದಕ್ಕೆ ದೊಡ್ಡ ಕಂಪನಿ ಬೇಡ

ನಾಲ್ಕೈದು ಸಾವಿರ ಚದರಡಿಯ ಗೋಡೌನ್ ಬೇಕೆಂದು ಕಾರ್ಖಾನೆಯಲ್ಲಿ ತಯಾರಾಗುವ ಉಕ್ಕಿನ ಕಟ್ಟಡ ಕೇಳುವವರಿಗೆ ನಾನು ಇಲ್ಲ ಎನ್ನುತ್ತೇನೆ. ವಿನ್ಯಾಸ, ಸಾಗಣೆ, ಕ್ರೇನಿನ ಖರ್ಚು ಅಷ್ಟು ಸಣ್ಣ ಜಾಗದ ಮೇಲೆ ಹಂಚಿದರೆ ಗಿಟ್ಟುವುದಿಲ್ಲ. ಅಂಥದ್ದಕ್ಕೆ ನಿಮ್ಮೂರಿನ ಒಳ್ಳೆಯ ಫ್ಯಾಬ್ರಿಕೇಟರ್ ಕೈಯಲ್ಲಿ ಪೈಪ್ ಟ್ರಸ್ ಹಾಕಿಸಿ. ಎಂಜಿನಿಯರ್ ಒಬ್ಬರ ಸಹಿ ಮಾತ್ರ ಅದಕ್ಕೂ ಬೇಕು.