ಉಸ್ತಾದರಿಲ್ಲದ ಹೊತ್ತಿನ ಅದಬು



ಸಿದ್ಧಕಟ್ಟೆಯಂತಹ ಊರುಗಳಲ್ಲಿ ಮುಂಜಾನೆ ಮದ್ರಸ ಮುಗಿಸಿ ಶಾಲೆಗೆ ಹೊರಡುವವರು ನೀವು. ಉಸ್ತಾದರು ಪಕ್ಕದ ತರಗತಿಗೆ ಹೋದಾಗ, ಮೀಲಾದ್ ಕಾರ್ಯಕ್ರಮಕ್ಕೆ ಹಾಡು-ಭಾಷಣಗಳನ್ನು ನೀವೇ ಹಂಚಿಕೊಳ್ಳುವಾಗ, ಗುಂಪಾಗಿ ಬಸ್ಸಿಗೆ ಕಾಯುವಾಗ ನಿಮ್ಮ ನಡುವೆ ಹಿರಿಯರಿರುವುದಿಲ್ಲ. ಬೆತ್ತದ ಭಯದಿಂದ ಬಂದ ಶಿಸ್ತು ಬೆತ್ತದೊಂದಿಗೇ ಹೊರಟುಹೋಗುತ್ತದೆ. ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವಿನಿಂದ ಬಂದ ಶಿಸ್ತು ಮಾತ್ರ ಆಗಲೂ ಉಳಿಯುತ್ತದೆ.

1. ನಾಯಕನಿರಲಿ: ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಬೇಕೆಂಬ ಪ್ರವಾದಿವರ್ಯರ(ಸ) ಆದೇಶ ಅಬೂದಾವೂದ್‌ನಲ್ಲಿದೆ. ಮೂವರಿಗೇ ನಾಯಕ ಬೇಕಾದರೆ ಮೂವತ್ತು ಮಂದಿಗೆ ಬೇಡವೇ? ಆದರೆ ತೋಳ್ಬಲ, ಗಟ್ಟಿ ಧ್ವನಿ ಅದಕ್ಕೆ ಅರ್ಹತೆಯಲ್ಲ. ಅಮ್ರ್ ಬಿನ್ ಸಲಮಾ(ರ) ಆರೇಳು ವರ್ಷದ ಬಾಲಕ. ತಮ್ಮವರಲ್ಲಿ ಎಲ್ಲರಿಗಿಂತ ಹೆಚ್ಚು ಕುರ್‌ಆನ್ ಬಲ್ಲವರಾದುದರಿಂದ ಹಿರಿಯರೇ ಅವರನ್ನು ಇಮಾಮರನ್ನಾಗಿ ನಿಲ್ಲಿಸಿದರು.

2. ಸರದಿ ತಪ್ಪದಿರಲಿ: ಖೈಬರ್‌ನಲ್ಲಿ ನಡೆದ ಕೊಲೆಯೊಂದರ ದೂರು ತಂದ ಮೂವರಲ್ಲಿ ಕಿರಿಯವರು ಮೊದಲು ಮಾತೆತ್ತಿದಾಗ, ಹಿರಿಯರಿಗೆ ಅವಕಾಶ ಕೊಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಹಾಗೆಂದು ಕಿರಿಯರ ಸರದಿಯನ್ನು ಕಸಿಯಬಹುದೇ? ಇಲ್ಲ. ಮತ್ತೊಮ್ಮೆ ಅವರ ಬಲಕ್ಕೆ ಬಾಲಕ, ಎಡಕ್ಕೆ ಹಿರಿಯರು ಕುಳಿತಿದ್ದರು. ಪಾನೀಯವನ್ನು ಹಿರಿಯರಿಗೆ ಕೊಡಲು ಅವರು ಬಾಲಕನ ಅನುಮತಿ ಕೇಳಿದರು. ಅವನು ಒಪ್ಪಲಿಲ್ಲ. ಪಾತ್ರೆ ಅವನ ಕೈಗೇ ಬಂತು! ನಿಮ್ಮ ಸಭೆಯಲ್ಲೂ ಹಿರಿಯವನು ಆರಂಭಿಸಲಿ, ಬಳಿಕ ಬಲದಿಂದ ಒಬ್ಬೊಬ್ಬರಾಗಿ ಮಾತಾಡಲಿ. ಮೂಲೆಯ ಪುಟ್ಟ ಬಾಲಕನ ಸರದಿಯೂ ಅವನ ಹಕ್ಕು.

3. ಯಾರನ್ನೂ ಹೊರಗಿಡಬೇಡಿ: ಮೂವರಿರುವಲ್ಲಿ ಒಬ್ಬನನ್ನು ಬಿಟ್ಟು ಇಬ್ಬರು ಪಿಸುಗುಟ್ಟಬಾರದು, ಅದು ಅವನನ್ನು ನೋಯಿಸುತ್ತದೆಂದು ಹದೀಸ್ ಕಾರಣವನ್ನೂ ಹೇಳಿದೆ. ನಮ್ಮಲ್ಲಿ ಬ್ಯಾರಿ, ತುಳು, ಉರ್ದು, ಕನ್ನಡ ಎಲ್ಲವೂ ಇವೆ. ಜೊತೆಯವನಿಗೆ ಬಾರದ ಭಾಷೆಯಲ್ಲಿ ನಗುವುದೂ ಅದೇ ನೋವು. ಅಡ್ಡಹೆಸರಿಟ್ಟು ಕರೆಯುವುದನ್ನು ಸೂರಃ ಅಲ್ ಹುಜುರಾತ್ ನಿಷೇಧಿಸಿದೆ.

4. ಸೀಮೆಸುಣ್ಣವೂ ಅಮಾನತು: ಮಾತಾಡಿದವರ ಹೆಸರನ್ನು ಹಲಗೆಯಲ್ಲಿ ಬರೆಯುವ ಕೆಲಸ ನಾಯಕನದು. ಗೆಳೆಯನನ್ನು ಬಿಟ್ಟು, ಕಂಡರಾಗದವನ ಹೆಸರು ಬರೆದರೆ ಅದು ಸುಳ್ಳು ಸಾಕ್ಷ್ಯವಲ್ಲವೇ? ಸ್ವತಃ ನಮ್ಮ ವಿರುದ್ಧ, ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂದು ಸೂರಃ ಅನ್ನಿಸಾದ 135ನೇ ಸೂಕ್ತ ಆದೇಶಿಸುತ್ತದೆ. ಮೊದಲು ಬಳಿಗೆ ಹೋಗಿ ಮೆಲ್ಲನೆ ಹೇಳಿ. ಕೇಳದಿದ್ದರೆ ಮಾತ್ರ ಬರೆಯಿರಿ. ಹೊಡೆಯುವ ಅಧಿಕಾರ ನಾಯಕನಿಗಿಲ್ಲ.

5. ಮುಚ್ಚಿಡಬಾರದ್ದು: ಸಣ್ಣಪುಟ್ಟ ತಪ್ಪುಗಳನ್ನು ಸಾರುತ್ತಾ ತಿರುಗುವುದು ಚಾಡಿ. ಆದರೆ ಒಬ್ಬನನ್ನು ಎಲ್ಲರೂ ಸೇರಿ ಪೀಡಿಸುತ್ತಿದ್ದರೆ, ಅಪಾಯ ಕಂಡರೆ ಕೂಡಲೇ ಉಸ್ತಾದರಿಗೋ ಮನೆಯವರಿಗೋ ತಿಳಿಸುವುದು ಕರ್ತವ್ಯ. ಅಕ್ರಮಿಯನ್ನು ತಡೆಯುವುದೇ ಅವನಿಗೆ ಮಾಡುವ ಸಹಾಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಏಳುವ ಮುನ್ನ ಮಜ್ಲಿಸಿನ ದುಆ ಹೇಳಲು ಮರೆಯದಿರಿ. ಆಡಿದ ಮಾತುಗಳಲ್ಲಿ ಏನಾದರೂ ಲೋಪವಿದ್ದರೆ ಅದು ಪರಿಹಾರವಾಗುವುದು. ಒಬ್ಬನ ಮನಸ್ಸು ನೋಯಿಸಿದ್ದರೆ ಮಾತ್ರ ಅವನ ಬಳಿಗೇ ಹೋಗಿ ಕ್ಷಮೆ ಕೇಳಬೇಕು. ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ, ಆಮೀನ್.