ಬ್ಯಾಗಲ್ಲಿ ಏನಿರಬೇಕು, ಜೇಬಲ್ಲಿ ಏನಿರಬೇಕು?

ಅಲಾಸ್ಕಾದಲ್ಲಿ ಪುಟ್ಟ ವಿಮಾನ ಅಂದ್ರೆ ನಮ್ಮ ಮಲೆನಾಡಲ್ಲಿ ಜೀಪ್ ಇದ್ದ ಹಾಗೆ. ಅಲ್ಲಿನ ರಾಜಧಾನಿ ಜೂನೋಗೇ ಹೊರಗಿನಿಂದ ರಸ್ತೆ ಇಲ್ಲ. ದಾರಿಯಲ್ಲಿ ಎಂಜಿನ್ ಕೈಕೊಟ್ಟು, ಪೈಲಟ್ ಹೇಗೋ ಕಾಡಿನ ಮಧ್ಯೆ ವಿಮಾನ ಇಳಿಸಿದ ಅಂತ ಇಟ್ಕೊಳ್ಳೋಣ. ಎಲ್ಲರೂ ಬದುಕಿದ್ದಾರೆ. ಮುಂದೇನು? ಉತ್ತರ ಹೊರಡುವ ಮುಂಚೆ ಪ್ಯಾಕ್ ಮಾಡಿದ್ದರಲ್ಲಿದೆ.

ಕಾನೂನಿನ ಪಟ್ಟಿ

ಏನೇನು ಒಯ್ಯಬೇಕು ಅಂತ ಅಲಾಸ್ಕಾದ ಕಾನೂನೇ ಒಂದು ಪಟ್ಟಿ ಕೊಟ್ಟಿತ್ತು. ಪ್ರತಿಯೊಬ್ಬರಿಗೂ ಒಂದು ವಾರದ ಆಹಾರ, ಕೊಡಲಿ, ಚಾಕು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮೀನು ಹಿಡಿಯುವ ಗಾಳ ಮತ್ತು ದಾರ, ಬೆಂಕಿ ಹೊತ್ತಿಸುವ ಸಾಧನ, ತಲೆಗೆ ಹಾಕುವ ಸೊಳ್ಳೆ ಪರದೆ, ಹೊಗೆ ಅಥವಾ ಬೆಳಕಿನಿಂದ ಸಂಕೇತ ಕೊಡುವ ಎರಡು ಸಾಧನ. ಅಕ್ಟೋಬರ್ 15ರಿಂದ ಏಪ್ರಿಲ್ 1ರವರೆಗೆ ಸ್ನೋಶೂ, ಸ್ಲೀಪಿಂಗ್ ಬ್ಯಾಗ್ ಕೂಡ ಸೇರುತ್ತಿದ್ದವು.

ತೂಕದ ಲೆಕ್ಕ

ಹಾಗಾದ್ರೆ ಎಲ್ಲವನ್ನೂ ತುಂಬಿಬಿಡೋಣವಾ? ಆಗಲ್ಲ. ನಾಲ್ಕು ಸೀಟಿನ ಸೆಸ್ನಾ 172ಎಸ್ ತಗೊಳ್ಳೋಣ. ಗರಿಷ್ಠ ಟೇಕಾಫ್ ತೂಕ 1157 ಕೆಜಿ. ಖಾಲಿ ವಿಮಾನ ಸುಮಾರು 750 ಅಂದ್ರೆ, ಉಳಿಯೋದು 407. ತಲಾ 75 ಕೆಜಿಯ ನಾಲ್ವರು ಕೂತರೆ 107 ಕೆಜಿ ಬಾಕಿ. ಇಂಧನ, ಸಾಮಾನು ಎರಡೂ ಅದರೊಳಗೇ ಬರಬೇಕು. ಇಂಧನ ಲೀಟರಿಗೆ 0.72 ಕೆಜಿ. ಹಾಗಾಗಿ 10 ಕೆಜಿಯ ಕಿಟ್ ಹಾಕಿದರೆ ಸುಮಾರು 14 ಲೀಟರ್ ಇಂಧನ ಬಿಡಬೇಕು. ಗಂಟೆಗೆ 35 ಲೀಟರ್ ಲೆಕ್ಕದಲ್ಲಿ ಅದು 24 ನಿಮಿಷದ ಹಾರಾಟ!

ಇನ್ನೊಂದು ವಿಷಯ, ಮೊಮೆಂಟ್. ಲಗೇಜ್ ಜಾಗ ಹಿಂದಿನ ಸೀಟಿನ ಆಚೆ ಇದೆ, ಮಿತಿ 54 ಕೆಜಿ. ಅಲ್ಲಿ ತೂಕ ಜಾಸ್ತಿಯಾದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತೆ, ಸ್ಟಾಲ್ ಆದಾಗ ವಿಮಾನವನ್ನು ಸರಿಪಡಿಸೋದು ಕಷ್ಟವಾಗುತ್ತೆ. ಮತ್ತೆ, ಕೊಡಲಿಯನ್ನು ಕಟ್ಟಿಡದಿದ್ದರೆ ನೆಲಕ್ಕೆ ಬಡಿದಾಗ ಅದೇ ತಲೆಗೆ ಬಂದು ಬೀಳಬಹುದು.

ಮೊದಲು ಸಂಕೇತ

1972ರ ಅಕ್ಟೋಬರ್ 16ರಂದು ಆಂಕರೇಜ್‌ನಿಂದ ಜೂನೋಗೆ ಹೊರಟ ಸೆಸ್ನಾ 310 ಕಾಣೆಯಾಯಿತು. ಒಳಗೆ ಇಬ್ಬರು ಅಮೆರಿಕನ್ ಸಂಸದರು ಸೇರಿ ನಾಲ್ವರಿದ್ದರು. 39 ದಿನ ಹುಡುಕಿದರೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಪೈಲಟ್‌ನ ಕೈಯಲ್ಲಿ ಒಯ್ಯುವ ತುರ್ತು ಬೀಕನ್ ಆಮೇಲೆ ಸಿಕ್ಕಿದ್ದು ಫೇರ್‌ಬ್ಯಾಂಕ್ಸ್‌ನಲ್ಲಿ, ಬೇರೊಂದು ವಿಮಾನದೊಳಗೆ. ಅದು ಜೊತೆಗಿದ್ದರೆ ಬದುಕುತ್ತಿದ್ದರು ಅಂತ ಹೇಳಕ್ಕಾಗಲ್ಲ. ಆದ್ರೆ ಎಲ್ಲಿ ಹುಡುಕಬೇಕು ಅನ್ನೋದಾದ್ರೂ ತಿಳಿಯಬಹುದಿತ್ತು.

ಈಗಿನ ಬೀಕನ್‌ಗಳು 406 ಮೆಗಾಹರ್ಟ್ಸ್‌ನಲ್ಲಿ ತಮ್ಮದೇ ಗುರುತಿನ ಸಂಖ್ಯೆ ಕಳಿಸುತ್ತವೆ. ಹಳೆಯ 121.5 ಮೆಗಾಹರ್ಟ್ಸ್ ಅನ್ನು ಉಪಗ್ರಹಗಳು 2009ರ ಫೆಬ್ರವರಿ 1ರಿಂದ ಕೇಳೋದೇ ಇಲ್ಲ. ಈ ಉಪಗ್ರಹ ವ್ಯವಸ್ಥೆಯ ಹೆಸರು ಕಾಸ್ಪಾಸ್-ಸಾರ್ಸಾಟ್. ಭಾರತವೂ ಅದರಲ್ಲಿದೆ. ನಮ್ಮ ದೇಶದ ನಿಯಂತ್ರಣ ಕೇಂದ್ರ ಇರೋದು ಬೆಂಗಳೂರಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ!

ಜೇಬಿನ ಪಾಠ

ವಿಮಾನದ ಬೀಕನ್‌ನ ಆಂಟೆನಾ ಕೇಬಲ್ ಅಪಘಾತದಲ್ಲಿ ತುಂಡಾಗಬಹುದು. ವಿಮಾನ ಹೊತ್ತಿ ಉರಿಯಬಹುದು, ನೀರಲ್ಲಿ ಮುಳುಗಬಹುದು. ಆಗ ಹಿಂದಿನ ಬ್ಯಾಗ್ ತೆಗೆಯಲು ಸಮಯ ಎಲ್ಲಿದೆ? ಅದಕ್ಕೇ ಅನುಭವಿ ಪೈಲಟ್‌ಗಳು ಮುಖ್ಯವಾದದ್ದನ್ನು ಮೈಮೇಲೇ ಇಟ್ಕೊಳ್ತಾರೆ: ಪುಟ್ಟ ವೈಯಕ್ತಿಕ ಬೀಕನ್, ಲೈಟರ್, ಚಾಕು, ಸೀಟಿ, ಸಂಕೇತದ ಕನ್ನಡಿ, ರಕ್ತ ನಿಲ್ಲಿಸುವ ಪಟ್ಟಿ. ಬಟ್ಟೆ ಕೂಡ ಸಾಧನವೇ. ಕ್ಯಾಬಿನ್‌ನ ಹೀಟರಿಗೆ ಅಲ್ಲ, ಹೊರಗಿನ ಚಳಿಗೆ ತಕ್ಕ ಹಾಗೆ ಹಾಕ್ಕೋಬೇಕು. ಆಹಾರ, ಟೆಂಟ್ ಬ್ಯಾಗಲ್ಲಿರಲಿ. ಹಸಿವು ಕೆಲವು ದಿನ ಕಾಯುತ್ತೆ, ಚಳಿ ಮತ್ತು ರಕ್ತಸ್ರಾವ ಕಾಯಲ್ಲ.

ಈಗ ನಿಮಗೊಂದು ಲೆಕ್ಕ: ಮೈಮೇಲೆ 2 ಕೆಜಿ, ಬ್ಯಾಗಲ್ಲಿ 10 ಕೆಜಿ. ಯಾವುದನ್ನು ಎಲ್ಲಿಡ್ತೀರಿ? ಪಟ್ಟಿ ಬರೆದು ಕಳಿಸಿ, ಕ್ಲಬ್ಬಿನಲ್ಲಿ ಕೂತು ಜಗಳ ಆಡೋಣ!