ಒಂಬತ್ತು ಮಂದಿಯ ತಂಡ, ಐವರಿಗೆ ಆಟ

ಮಾಲೇಕಲ್ಲು, ಅರಸೀಕೆರೆ ತಾಲ್ಲೂಕು

ಗಾಲ್ಫ್ ಕಲಿಯುತ್ತಿರುವ ನಮ್ಮೂರ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪಿಯುಸಿ ಮುಗಿಸಿ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಕಾಲೇಜು ತಂಡ ಸೇರಬೇಕೆಂಬ ನಿನ್ನ ಆಸೆ ಅತಿಯಾಸೆಯೇನಲ್ಲ. ಇದೇ ತಾಲ್ಲೂಕಿನ ಜಾವಗಲ್ಲಿನ ಹೆಸರು ಹೊತ್ತ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿಕೊಂಡೇ ವೇಗದ ಬೌಲರ್ ಆದವರು. ಓದು, ಆಟ ಎರಡನ್ನೂ ಒಟ್ಟಿಗೆ ನಡೆಸಬಹುದು. ಆದರೆ ‘ಫುಲ್ ಸ್ಕಾಲರ್‌ಶಿಪ್ ಕೊಡಿಸುತ್ತೇವೆ’ ಎನ್ನುವವರ ಮಾತಿಗೆ ತಲೆಯಾಡಿಸುವ ಮುಂಚೆ ಮನೆಯವರೆಲ್ಲ ಕೂತು ಒಂದು ಲೆಕ್ಕ ಹಾಕಬೇಕು.

ಅಮೆರಿಕದ ಕಾಲೇಜು ಕ್ರೀಡೆಯನ್ನು ಬಹುಪಾಲು ನಡೆಸುವುದು ಎನ್‌ಸಿಎಎ ಎಂಬ ಸಂಸ್ಥೆ. ಅದರಲ್ಲಿ ಮೂರು ಡಿವಿಷನ್‌ಗಳು. ಬಹುಕಾಲ ಇದ್ದ ನಿಯಮದ ಪ್ರಕಾರ ಮೊದಲ ಡಿವಿಷನ್ನಿನ ಒಂದು ಕಾಲೇಜು ಗಂಡುಮಕ್ಕಳ ಗಾಲ್ಫ್ ತಂಡಕ್ಕೆ ಒಟ್ಟು 4.5, ಹೆಣ್ಣುಮಕ್ಕಳ ತಂಡಕ್ಕೆ 6 ಸ್ಕಾಲರ್‌ಶಿಪ್ ಕೊಡಬಹುದಿತ್ತು. ಎರಡನೇ ಡಿವಿಷನ್ನಿನಲ್ಲಿ ಇದು 3.6 ಮತ್ತು 5.4. ಮೂರನೆಯದರಲ್ಲಿ ಆಟದ ಹೆಸರಿನಲ್ಲಿ ಒಂದು ಡಾಲರೂ ಇಲ್ಲ. ಅಂಕ ಮತ್ತು ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಎನ್‌ಎಐಎ ಎಂಬ ಬೇರೊಂದು ಒಕ್ಕೂಟದ ಕಾಲೇಜುಗಳಲ್ಲಿ ತಂಡಕ್ಕೆ 5.

ಇವು ಇಡಿಯಾಗಿ ಒಬ್ಬೊಬ್ಬರಿಗೆ ಸಿಗುವ ಸ್ಕಾಲರ್‌ಶಿಪ್‌ಗಳಲ್ಲ, ಕೋಚ್ ತನ್ನ ಆಟಗಾರರಿಗೆ ಹಂಚುವ ಗಂಟು. ಎರಡನೇ ಡಿವಿಷನ್ನಿನ 5.4 ಅನ್ನು ಒಂಬತ್ತು ಹುಡುಗಿಯರಿಗೆ ಸಮನಾಗಿ ಹಂಚಿದರೆ ತಲಾ ನೂರಕ್ಕೆ ಅರವತ್ತು ಭಾಗ. ಕಾಲೇಜಿನ ವರ್ಷದ ಖರ್ಚು 60,000 ಡಾಲರ್ ಎಂದಿಟ್ಟುಕೊಂಡರೆ ಮನೆಯಿಂದ 24,000 ಡಾಲರ್ ಹೊಂದಿಸಬೇಕು. ಡಾಲರಿಗೆ 85 ರೂಪಾಯಿ ಎಂದರೂ ವರ್ಷಕ್ಕೆ ಇಪ್ಪತ್ತು ಲಕ್ಷ ದಾಟಿತು. ಕೊಬ್ಬರಿ ಮಾರಿ ಸಂಸಾರ ತೂಗಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಸ್ಕಾಲರ್‌ಶಿಪ್ ಸಿಕ್ಕ ಮೇಲೂ ಬರುವ ಖರ್ಚು ಇದು.

ಹೆಣ್ಣುಮಕ್ಕಳ ಪಾಲು ದೊಡ್ಡದಾಗಿದ್ದಕ್ಕೆ ಕಾರಣವಿದೆ. ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂದು ಅಮೆರಿಕ 1972ರಲ್ಲಿ ಟೈಟಲ್ ನೈನ್ ಕಾನೂನು ತಂದಿತು. ಗಂಡುಮಕ್ಕಳ ಅಮೆರಿಕನ್ ಫುಟ್‌ಬಾಲ್ ಒಂದೇ ದೊಡ್ಡ ಕಾಲೇಜುಗಳಲ್ಲಿ 85 ಸ್ಕಾಲರ್‌ಶಿಪ್ ನುಂಗುತ್ತಿತ್ತು. ಆ ತಕ್ಕಡಿ ಸರಿದೂಗಿಸಲು ಗಾಲ್ಫ್‌ನಂಥ ಆಟಗಳಲ್ಲಿ ಹೆಣ್ಣುಮಕ್ಕಳಿಗೆ ಹೆಚ್ಚು ಕೊಟ್ಟರು.

ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ, ಹೌಸ್ ಪ್ರಕರಣ ಎಂದು ಕರೆಯುವ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಈ ಲೆಕ್ಕವನ್ನು ಬದಲಿಸಿದೆ. ರಾಜಿಗೆ ಸೇರಿದ ಮೊದಲ ಡಿವಿಷನ್ ಕಾಲೇಜುಗಳಿಗೆ ಈಗ ಸ್ಕಾಲರ್‌ಶಿಪ್ ಮಿತಿಯಿಲ್ಲ. ಬದಲಿಗೆ ಗಾಲ್ಫ್ ತಂಡದಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ದುಡ್ಡಿರುವ ಕಾಲೇಜು ಒಂಬತ್ತು ಮಂದಿಗೂ ಪೂರ್ತಿ ಕೊಡಬಹುದು. ಆದರೆ ಹತ್ತನೆಯವಳಿಗೆ ಜಾಗವೇ ಇಲ್ಲ. ಸಾಮಾನ್ಯವಾಗಿ ಟೂರ್ನಿಗೆ ಇಳಿಯುವವರು ಐವರು, ಆ ಐವರಲ್ಲಿ ಎಣಿಕೆಗೆ ಬರುವುದು ನಾಲ್ವರ ಸ್ಕೋರು. ದೊಡ್ಡ ಹೆಸರಿನ ತಂಡದಲ್ಲಿ ಎಂಟನೆಯವಳಾಗಿ ನಾಲ್ಕು ವರ್ಷ ಹೊರಗೇ ಕೂರುವುದಕ್ಕಿಂತ, ಚಿಕ್ಕ ಕಾಲೇಜಿನ ಐವರಲ್ಲಿ ಒಬ್ಬಳಾಗಿ ಪ್ರತಿ ಟೂರ್ನಿ ಆಡುವುದರಿಂದ ಆಟ ಬೆಳೆಯುತ್ತದೆ.

ಚಿಕ್ಕ ಕಾಲೇಜೆಂದರೆ ಕೀಳಲ್ಲ. ಟೆಕ್ಸಸ್‌ನ ಅಬಿಲೀನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಓದಿದ ಜೀವ್ ಮಿಲ್ಖಾ ಸಿಂಗ್ 1993ರಲ್ಲಿ ಎರಡನೇ ಡಿವಿಷನ್ನಿನ ವೈಯಕ್ತಿಕ ಚಾಂಪಿಯನ್ ಆದರು. ಮುಂದೆ ಯುರೋಪಿಯನ್ ಟೂರ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯರೂ ಅವರೇ. ಅರ್ಜುನ್ ಅಟ್ವಾಲ್ ನ್ಯೂಯಾರ್ಕಿನ ನಸಾವ್ ಕಮ್ಯುನಿಟಿ ಕಾಲೇಜಿಗೆ ಹೋದವರು. 2010ರಲ್ಲಿ ಅವರು ವಿಂಡಮ್ ಚಾಂಪಿಯನ್‌ಶಿಪ್ ಗೆದ್ದಾಗ ಪಿಜಿಎ ಟೂರ್‌ನಲ್ಲಿ ಭಾರತದಲ್ಲಿ ಹುಟ್ಟಿದವರೊಬ್ಬರ ಮೊದಲ ಗೆಲುವು ಬಂತು.

ಕಾಲೇಜಿನ ಹಾದಿ ಹಿಡಿಯದೆ ಗೆದ್ದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ 2016ರ ಆರಂಭದಲ್ಲಿ, ಹದಿನೇಳರ ಹರೆಯದಲ್ಲೇ ವೃತ್ತಿಪರರಾದರು. ಅದೇ ವರ್ಷ ರಿಯೊ ಒಲಿಂಪಿಕ್ಸ್ ಆಡಿದರು. ಟೋಕಿಯೊದಲ್ಲಿ ನಾಲ್ಕನೆಯವರಾಗಿ, ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡರು. ಅವರ ದಾರಿ ನಿನ್ನನ್ನೂ ಸೆಳೆದೀತು. ಆದರೆ ವೃತ್ತಿಪರಳಾದವಳಿಗೆ ಕಾಲೇಜು ತಂಡದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಬಹುಮಾನದ ಹಣ ಮುಟ್ಟುವ ಮುನ್ನ ನಿಯಮ ಓದಿಕೊಂಡಿರು.

ಸದ್ಯಕ್ಕೆ ಚಿಕ್ಕಮಗಳೂರಿನ ಕೋರ್ಸಿನಲ್ಲಿ ಅಭ್ಯಾಸ ನಡೆಯಲಿ, ಇಂಡಿಯನ್ ಗಾಲ್ಫ್ ಯೂನಿಯನ್‌ನ ಜೂನಿಯರ್ ಟೂರ್ನಿಗಳಲ್ಲಿ ಸ್ಕೋರು ದಾಖಲಾಗಲಿ. ಕೋಚ್‌ಗಳು ನಂಬುವುದು ಟೂರ್ನಿಯ ಸ್ಕೋರನ್ನು, ಮನೆಯವರ ಹೊಗಳಿಕೆಯನ್ನಲ್ಲ. ಶಾಲೆಯ ಅಂಕಗಳನ್ನೂ ಕೈಬಿಡಬೇಡ. ಓದಿಗೆ ಸಿಗುವ ನೆರವು ಆಟದ ಪಾಲಿನ ಜೊತೆ ಸೇರಿದರೆ ಆ ಇಪ್ಪತ್ತು ಲಕ್ಷದ ಹೊರೆ ಇಳಿಯುತ್ತದೆ.

ಕೋಚ್‌ಗೆ ಬರೆಯುವಾಗ ನಾಲ್ಕು ಪ್ರಶ್ನೆ ಕೇಳಲು ಸಂಕೋಚಪಡಬೇಡ. ನಾನು ಸೇರುವ ವರ್ಷ ತಂಡದಲ್ಲಿ ಎಷ್ಟು ಜನ ಇರುತ್ತಾರೆ? ಐವರಲ್ಲಿ ಒಬ್ಬಳಾಗಲು ಎಷ್ಟು ಸ್ಕೋರು ಬೇಕು? ನನ್ನ ಪಾಲಿಗೆ ಬರುವ ಹಣ ಎಷ್ಟು? ಅದು ಒಂದು ವರ್ಷಕ್ಕೋ, ನಾಲ್ಕಕ್ಕೂ ಉಂಟೋ? ಉತ್ತರ ಬರವಣಿಗೆಯಲ್ಲಿ ಬರಲಿ. ಅದನ್ನು ನಿನ್ನ ಅಪ್ಪ ಅಮ್ಮನಿಗೆ ಓದಿ ಹೇಳಿದ ಮೇಲೆಯೇ ಸಹಿ ಹಾಕು.

ಇತಿ,
ನಿನ್ನ ದೊಡ್ಡಪ್ಪ